ಹಡಪಸರದ ಹಿತ್ತಲಿಗೆ ಹಣ್ಣಿನ ಗಿಡ

ಪುಣೆಯಿಂದ ಸೋಲಾಪುರಕ್ಕೆ ಹೊರಟ ಹೆದ್ದಾರಿಯು ಹಡಪಸರವನ್ನು ದಾಟಿ, ಮಾಂಜರಿ, ಲೋಣಿ ಕಾಳಭೋರ, ಉರುಳಿ ಕಾಂಚನಗಳನ್ನು ಹಾಯ್ದು ಪೂರ್ವಾಭಿಮುಖವಾಗಿ ಸಾಗುವಾಗ, ಹಸುರು ಜಾಲರಿಯ ಚಪ್ಪರ ಹೊದ್ದ ಸಸ್ಯಕ್ಷೇತ್ರಗಳು, ಅಂದರೆ ಜನ ನರ್ಸರಿಗಳೆಂದು ಕರೆಯುವ ಗಿಡದಂಗಡಿಗಳು, ದಾರಿಯ ಮಗ್ಗುಲಲ್ಲಿ ಒಂದರ ಬೆನ್ನಿಗೊಂದರಂತೆ ಕಣ್ಣಿಗೆ ಬೀಳುತ್ತವೆ. ವಿಜಾಪುರ, ಕಲಬುರ್ಗಿಗಳ ಕಡೆಯಿಂದ ರಾತ್ರಿಯ ಬಸ್ಸನ್ನೇರಿ ಬರುವ ನಮ್ಮವರಿಗೆ ಪುಣೆ ಸಮೀಪಿಸಿತೆಂಬುದರ ಕುರುಹು ಈ ಗಿಡಗಳ ಸಾಲೇ. ಹಡಪಸರವಾದರೋ ಮೂಲತಃ ಒಕ್ಕಲುತನದ ಗ್ರಾಮ. ಖಡಕವಾಸಲಾ ಜಲಾಶಯದಿಂದ ಹೊರಟ ಮುಠಾ ಬಲದಂಡೆ ಕಾಲುವೆಯ ನೀರುಂಡು ಕಬ್ಬನ್ನೂ ಕಾಯಿಪಲ್ಯವನ್ನೂ ಬೆಳೆದ ನೆಲ. ಮಗರಪಟ್ಟಾದ ರೈತ ಮನೆತನಗಳು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ತಾವೇ ಒಂದು ನಗರವನ್ನು ನಿರ್ಮಿಸಿದ ಮೇಲೆ ಆ ನೆಲದ ಫಸಲು ಬೇರೆಯಾಯಿತು. ಆದರೂ ಮನೆಯ ಹಿಂದೆ ಹತ್ತು ಹನ್ನೆರಡು ಅಡಿ ಮಣ್ಣು ಉಳಿದವನಿಗೆ ಅಲ್ಲೊಂದು ಹಣ್ಣಿನ ಮರವಿರಬೇಕೆಂಬ ಆಸೆ ಹುಟ್ಟದಿರುವುದು ಅಪರೂಪ. ನರ್ಸರಿಗಳು ಹೆಜ್ಜೆಗೊಂದರಂತೆ ಇರುವಲ್ಲಿ ಆ ಆಸೆ ಭಾನುವಾರದ ಹೊತ್ತಿಗೆ ಸಂಕಲ್ಪವಾಗಿಯೇ ಬಿಡುತ್ತದೆ.

ಹಾಗೆ ಹೋದವನು ಸಾಮಾನ್ಯವಾಗಿ ಮೊದಲು ನೋಡುವುದು ಕುಂಡದಲ್ಲಿಯೇ ಕಾಯಿಬಿಟ್ಟು ಬಾಗಿ ನಿಂತ ಗಿಡವನ್ನು. ನನ್ನ ಅಭಿಪ್ರಾಯದಲ್ಲಿ ಕೊನೆಯಲ್ಲಿ ನೋಡತಕ್ಕದ್ದು ಅದು. ಮೊದಲು ನೋಡಬೇಕಾದದ್ದು ತನ್ನ ಹಿತ್ತಲನ್ನು. ಅನಂತರ ಗಿಡದ ವಂಶವನ್ನು. ಇವೆರಡೂ ನಿಶ್ಚಯವಾದ ಬಳಿಕ ಹಣ್ಣಿನ ವಿಚಾರಕ್ಕೆ ಉಳಿಯುವ ಆಯ್ಕೆ ಅಲ್ಪ, ಆ ಅಲ್ಪತ್ವವೇ ಕ್ಷೇಮಕರ.

ಹಿತ್ತಲೆಂದರೆ ಇಲ್ಲಿ ಎಂತಹುದು? ಅರಬ್ಬೀ ಸಮುದ್ರದಿಂದ ಬಂದ ಮುಂಗಾರು ಮೋಡಗಳು ಸಹ್ಯಾದ್ರಿಯ ಪಶ್ಚಿಮದ ಇಳುಕಲಿನಲ್ಲಿಯೇ ತಮ್ಮ ಭಾರವನ್ನು ಬಹುಪಾಲು ಇಳಿಸಿಬಿಡುವುದರಿಂದ, ಘಟ್ಟದ ಮರೆಯಲ್ಲಿರುವ ಪುಣೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ ಮಾತ್ರ ದಕ್ಕುತ್ತದೆ. ನಗರದ ಪೂರ್ವದಂಚಿನಲ್ಲಿರುವ ಹಡಪಸರ ಬಯಲುಸೀಮೆಯ ಹೊಸ್ತಿಲು. ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದ ಈ ಪ್ರಸ್ಥಭೂಮಿಯಲ್ಲಿ ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುವುದೂ ಉಂಟು, ಮಾರ್ಗಶಿರ ಪುಷ್ಯಗಳ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಯವರೆಗೆ ಇಳಿಯುವುದೂ ಉಂಟು. ಮಣ್ಣು ಎರೆ, ಅದರ ಕೆಳಗೆ ನಮ್ಮ ಕಡೆ ಗರಸು ಎನ್ನುವ, ಇಲ್ಲಿ ಮುರುಮ ಎನ್ನುವ ಶಿಥಿಲಶಿಲೆಯ ಪದರ. ಇದು ಪ್ರಕೃತಿ ಕೊಟ್ಟ ಮಣ್ಣಿನ ಮಾತಾಯಿತು. ಹೊಸ ಬಡಾವಣೆಗಳ ಹಿತ್ತಲಿನಲ್ಲಿ ಅದೂ ಇರುವುದೆಂದು ನಂಬುವಂತಿಲ್ಲ. ಗುದ್ದಲಿ ಹಾಕಿದರೆ ಎಷ್ಟೋ ಕಡೆ ಮೊದಲು ಸಿಕ್ಕುವುದು ಇಟ್ಟಿಗೆಯ ಚೂರು, ಆಮೇಲೆ ಗಟ್ಟಿಗೊಂಡ ಸಿಮೆಂಟು. ಕೊಳವೆಬಾವಿಯ ನೀರು ಗಡಸಾಗಿದ್ದು ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ, ಕಬ್ಬಿಣದ ಸತ್ತ್ವವನ್ನು ಬೇರು ಹೀರಿಕೊಳ್ಳಲಾರದೆ ನಿಂಬೆಯ ಜಾತಿಯ ಗಿಡಗಳ ಎಳೆಯ ಎಲೆಗಳು ನರ ಮಾತ್ರ ಹಸುರಾಗಿ ಉಳಿದು ಹಳದಿಗೆ ತಿರುಗುವುದುಂಟು. ಆದ್ದರಿಂದ ಗಿಡ ಕೊಳ್ಳುವುದಕ್ಕೆ ಮೊದಲು ಎರಡಡಿ ಅಗೆದು ನೋಡುವ ಶ್ರಮ ವ್ಯರ್ಥವಲ್ಲ.

ಬಿಸಿಲಿನ ವಿಚಾರ ಇನ್ನೂ ಸೂಕ್ಷ್ಮ. ಹಣ್ಣಿನ ಗಿಡಕ್ಕೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು; ಮೇ ತಿಂಗಳಲ್ಲಿ ನೆತ್ತಿಯ ಮೇಲೆ ನಡೆಯುವ ಸೂರ್ಯ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ನೆರೆಮನೆಯ ಮೂರಂತಸ್ತಿನ ಹಿಂದೆ ಮಧ್ಯಾಹ್ನವೆಲ್ಲ ಅಡಗಿಕೊಳ್ಳಬಹುದು. ಬೇಸಗೆಯಲ್ಲಿ ಅಳೆದ ಬಿಸಿಲನ್ನು ವರ್ಷಪೂರ್ತಿಯ ಬಿಸಿಲೆಂದು ಎಣಿಸಿ ನೆಟ್ಟ ಗಿಡ ಎಲೆಯನ್ನಷ್ಟೆ ಬೆಳೆಯುತ್ತದೆ. ಇನ್ನು ಜಾಗ. ಹಲಸು, ನೇರಳೆ ಇವು ಸಣ್ಣ ಹಿತ್ತಲಿನ ಮರಗಳಲ್ಲ; ಕಸಿಯಾದರೂ ಅಲ್ಲ. ಹಳೆಯ ಕ್ರಮದಲ್ಲಿ ಮಾವಿಗೆ ಮಾವಿಗೆ ಹತ್ತು ಮೀಟರು ಅಂತರ ಬಿಡುತ್ತಿದ್ದರೆಂಬುದನ್ನು ನೆನೆದರೆ, ಹನ್ನೆರಡು ಅಡಿಯ ಹಿತ್ತಲಿನಲ್ಲಿ ಆಪೂಸಿನ ಗಿಡವನ್ನು ನೆಟ್ಟವನು ಮರವನ್ನಲ್ಲ, ನೆರೆಯವನೊಡನೆ ವ್ಯಾಜ್ಯವನ್ನು ನೆಟ್ಟಂತೆಯೇ ಸರಿ. ಅಷ್ಟಕ್ಕೂ ಆಪೂಸು ಕೊಂಕಣದ ಗಾಳಿಗೆ ಒಗ್ಗಿದ ಜಾತಿ. ಒಂದು ವರ್ಷ ಕಾಯ್ದು ಮರುವರ್ಷ ಮುನಿಯುವುದು ಅದರ ಸ್ವಭಾವ. ಮಾವೇ ಬೇಕೆನ್ನುವವರು, ದಶಹರಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಪಡೆದ ಆಮ್ರಪಾಲಿಯನ್ನು ವಿಚಾರಿಸಲಿ. ಅದು ಗಿಡ್ಡ ಜಾತಿ, ಎರಡೂವರೆ ಮೀಟರಿಗೊಂದರಂತೆ ನೆಡುವ ಸಾಂದ್ರ ತೋಟಗಳಿಗೆಂದೇ ಹೆಸರಾದದ್ದು, ಪ್ರತಿವರ್ಷವೂ ಫಲ ಕೊಡುವಂಥದು.

ಈಗ ವಂಶದ ಮಾತು. ಸವಿಯಾದ ಪೇರಲವನ್ನು ತಿಂದು ಅದರ ಬೀಜವನ್ನು ಬಿತ್ತಿದರೆ ಅದೇ ಪೇರಲವಾಗುವುದೆಂಬ ನಂಬಿಕೆ ಬಹು ಹಳೆಯದು, ಬಹುತೇಕ ತಪ್ಪಾದದ್ದು. ಹೂವಿಗೆ ಪರಾಗ ಯಾವ ಮರದಿಂದ ಬಂತೋ ಬಲ್ಲವರಾರು? ಬೀಜವು ತಾಯಿ ತಂದೆ ಇಬ್ಬರ ಗುಣಗಳನ್ನೂ ಹೊಸದಾಗಿ ಬೆರೆಸಿಕೊಂಡು ಹುಟ್ಟುವುದರಿಂದ, ನೂರು ಬೀಜಗಳಿಂದ ನೂರು ಬಗೆಯ ಗಿಡಗಳು ಏಳುತ್ತವೆ; ಅವುಗಳಲ್ಲಿ ತಾಯಿಗೆ ಸಮನಾದದ್ದು ಒಂದೂ ಇಲ್ಲದಿರಬಹುದು. ತಾಯಿಯ ರುಚಿಯೇ ಬೇಕಾದರೆ ತಾಯಿಯ ರೆಂಬೆಯೇ ಬೇಕು. ಅದನ್ನು ಇನ್ನೊಂದು ಸಸಿಯ ಬೇರಿನ ಮೇಲೆ ಕೂರಿಸುವುದು ಕಸಿ, ಇಲ್ಲಿಯವರು ಕಲಮ್ ಎನ್ನುವುದು ಇದನ್ನೇ. ರೆಂಬೆಗೆ ಮರದ ಮೇಲೆಯೇ ಹಸಿಪಾಚಿ ಕಟ್ಟಿ ಬೇರು ಬರಿಸಿ ಬೇರ್ಪಡಿಸುವುದು ಗೂಟಿ. ನಿಂಬೆ ಈ ನಿಯಮಕ್ಕೆ ಅಪವಾದ: ಅದರ ಒಂದೇ ಬೀಜದಲ್ಲಿ ತಾಯಿಯ ಅಂಗಾಂಶದಿಂದಲೇ ಹುಟ್ಟಿದ ಹಲವು ಭ್ರೂಣಗಳಿರುವುದರಿಂದ ಬೀಜದ ಗಿಡವೂ ಸಾಮಾನ್ಯವಾಗಿ ತಾಯಿಯನ್ನೇ ಹೋಲುತ್ತದೆ. ಆದಕಾರಣ ವಿಜಾಪುರ ಜಿಲ್ಲೆಯ ಇಂಡಿಯ ಕಡೆಯ ನೆಂಟರ ತೋಟದಿಂದ ತಂದ ನಿಂಬೆಯ ಸಸಿಯನ್ನು ಹಡಪಸರದಲ್ಲಿ ನೆಡುವುದರಲ್ಲಿ ಅವಿವೇಕವೇನೂ ಇಲ್ಲ. ಮುಳ್ಳು ತುಸು ಹೆಚ್ಚು, ಕಾಯಿ ಹಿಡಿಯಲು ನಾಲ್ಕೈದು ವರ್ಷ ತಡ, ಅಷ್ಟೆ.

ಬೀಜದ ಗಿಡಗಳ ಈ ಚಂಚಲತೆ ಮನೆಯವನಿಗೆ ದೋಷವಾದರೂ ಶಾಸ್ತ್ರಜ್ಞನಿಗೆ ನಿಧಿ. ಹಡಪಸರದಿಂದ ನೋಡಿದರೆ ಪುಣೆಯ ಆಚೆಯ ಮಗ್ಗುಲಿನಲ್ಲಿರುವ ಗಣೇಶಖಿಂಡದ ಹಣ್ಣಿನ ಸಂಶೋಧನಾ ಕ್ಷೇತ್ರದಲ್ಲಿ, 1927ರ ಸುಮಾರಿಗೆ ಡಾಕ್ಟರ್ ಜಿ. ಎಸ್. ಚೀಮಾ ಅವರು ಲಕ್ನೋದಿಂದ ಬಂದ ಪೇರಲದ ಬೀಜಗಳನ್ನು ಬಿತ್ತಿ, ಎದ್ದ ಸಸಿಗಳನ್ನು ಬೆಳೆಯಿಸಿ, ಅವುಗಳಲ್ಲಿ ಒಂದನ್ನು ಆರಿಸಿದರು. ಅದಕ್ಕೆ ಲಕ್ನೋ-49 ಎಂದು ಹೆಸರಾಯಿತು. ಸರದಾರ ಎಂಬುದೂ ಅದೇ. ಹೆಚ್ಚು ಎತ್ತರಕ್ಕೇರದೆ ಕೊಡೆಯಂತೆ ಹರಡುವ ಮರ, ಬಿಳಿಯ ಮೆತ್ತನೆಯ ತಿರುಳು, ಹೇರಳ ಫಲ. ಇಂದು ಭರತಖಂಡದ ಉದ್ದಗಲಕ್ಕೂ ಬೆಳೆಯುತ್ತಿರುವ ಈ ಪೇರಲದ ತವರು ಪುಣೆಯೆಂಬುದನ್ನು ಪುಣೆಯಲ್ಲಿ ಪೇರಲ ಕೊಳ್ಳುವವರೇ ಅರಿಯರು. ಅದೇ ಗಣೇಶಖಿಂಡದಲ್ಲಿ, ಆಳಂದಿ ಎಂಬ ದಾಳಿಂಬೆಯ ಸಸಿಗಳಿಂದ ಮೆದುಬೀಜದ ಒಂದು ತಳಿಯನ್ನು ಅವರೇ ಆರಿಸಿದರು. ಕ್ಷೇತ್ರದ ಹೆಸರನ್ನೇ ಹೊತ್ತು ಅದು ಗಣೇಶ ಎಂದು ಪ್ರಸಿದ್ಧವಾಯಿತು. ಹೀಗಿರುವಾಗ ಸೋಲಾಪುರ ರಸ್ತೆಯಲ್ಲಿ ‘ಥಾಯ್ಲೆಂಡ್ ಪೇರು’ ಎಂಬ ಫಲಕದೆದುರು ನೆರೆಯುವ ಜನಸಂದಣಿಯನ್ನು ಕಂಡಾಗ ನನಗೆ ನಗೆಯೇ ಬರುತ್ತದೆ. ಥಾಯ್ಲೆಂಡಿನ ಪೇರಲ ಕೆಟ್ಟದ್ದೆಂದಲ್ಲ. ಗಾತ್ರದಲ್ಲಿ ಅದು ಎಳನೀರಿನ ಕಾಯಿಗೆ ಸ್ಪರ್ಧಿ. ಆದರೆ ಪರಿಮಳದಲ್ಲಿ ಸರದಾರನಿಗೆ ಎಣೆಯಲ್ಲ.

ಇನ್ನು ಅಂಗಡಿಯೊಳಗೆ ಕಾಲಿಡೋಣ. “ಕಲಮ್ ಆಹೆ ಸಾಹೇಬ, ದೋನ್ ವರ್ಷಾತ್ ಫಳ” ಎಂದು ಮಾಳಿಯು ಅಭಯಹಸ್ತ ನೀಡುತ್ತಾನೆ. ಕಸಿಗಿಡ, ಎರಡು ವರ್ಷಕ್ಕೆ ಹಣ್ಣು ಎಂಬುದು ಅವನ ವಾಗ್ದಾನ. ಮಾತನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಕಸಿಯಾದ ಗಿಡದ ಕಾಂಡದಲ್ಲಿ, ಬುಡದಿಂದ ಗೇಣುದ್ದದೊಳಗೆ ಸಾಮಾನ್ಯವಾಗಿ, ಎರಡು ಕಾಂಡಗಳು ಕೂಡಿದ ಓರೆಯಾದ ಗುರುತು ಅಥವಾ ಗಂಟು ಕಂಡೇ ಕಾಣುತ್ತದೆ. ಅದು ತುಂಬಿಕೊಂಡು ನಯವಾಗಿರಬೇಕು, ಬಿರುಕು ಕೂಡದು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ತೊಗಟೆಯೊಳಗೆ ಹೂತಿರಕೂಡದು. ಗಂಟಿನ ಮೇಲಣ ಚಿಗುರೇ ನಿಮ್ಮ ಗಿಡ. ಕೆಳಗಣದು ಬರಿಯ ಬೇರುಸಸಿ. ಚಿಕ್ಕುವಿನಲ್ಲಿ ಇದನ್ನು ಗುರುತಿಸುವುದು ಬಲು ಸುಲಭ, ಏಕೆಂದರೆ ಕಾಲಿಪತ್ತಿ ಮೊದಲಾದ ಚಿಕ್ಕುಗಳನ್ನು ಖಿರಣಿ ಎಂಬ ಕಾಡುಗಿಡದ ಬೇರಿನ ಮೇಲೆ ಕಸಿಮಾಡುತ್ತಾರೆ, ಖಿರಣಿಯ ಎಲೆಯ ತುದಿ ಒಳಕ್ಕೆ ಕತ್ತರಿಸಿದಂತೆ ಇರುತ್ತದೆ. ಅಂಗಡಿಯಲ್ಲಿ ಸೊಂಪಾಗಿ ಕಂಡ ‘ಚಿಕ್ಕು’ವಿನ ಎಲೆಗಳೆಲ್ಲ ಹಾಗಿದ್ದರೆ, ಕಸಿ ಸತ್ತು ಖಿರಣಿ ಬದುಕಿದೆಯೆಂದು ತಿಳಿಯಬೇಕು.

ಚೀಲದ ತಳವನ್ನೂ ನೋಡಿ. ಬೇರು ತೂತಿನಿಂದ ಹೊರಬಂದು ನೆಲಕ್ಕೆ ಕಚ್ಚಿದ್ದರೆ ಎತ್ತುವಾಗ ಹರಿಯುತ್ತದೆ. ಬಹುಕಾಲ ಒಂದೇ ಚೀಲದಲ್ಲಿ ನಿಂತ ಗಿಡದ ಬೇರು ಸುರುಳಿ ಸುತ್ತಿ, ನೆಟ್ಟ ಮೇಲೂ ಹೊರಗಣ ಮಣ್ಣಿಗೆ ಹರಿಯದೆ ತನ್ನನ್ನೇ ಬಿಗಿದುಕೊಳ್ಳುತ್ತದೆ. ಈ ಕಾರಣದಿಂದಲೇ ಆಳೆತ್ತರದ, ಕಾಯಿ ತೂಗುವ ಗಿಡಕ್ಕಿಂತ ಎರಡು ಮೂರಡಿಯ ಎಳೆಯ ಕಸಿಯೇ ಲೇಸು, ಅಗ್ಗವೂ ಹೌದು. ದೊಡ್ಡ ಗಿಡಗಳಲ್ಲಿ ಎಷ್ಟೋ ಇಲ್ಲಿ ಹುಟ್ಟಿದವಲ್ಲ, ಆಂಧ್ರದ ಗೋದಾವರಿ ತೀರದ ಕಡಿಯಂ ಕಡೆಯಿಂದ ಲಾರಿಯೇರಿ ಬಂದವು; ಹೊಸ ಹವೆಗೆ ಒಗ್ಗುವ ಮುನ್ನವೇ ಮತ್ತೊಮ್ಮೆ ಎತ್ತಿ ಊರುವುದು ಅವಕ್ಕೆ ಕ್ಷೇಮವಲ್ಲ. ಇನ್ನು ತಳಿಯ ಹೆಸರು ನಿಜವೋ ಸುಳ್ಳೋ ಎಂಬುದನ್ನು ಎಲೆ ನೋಡಿ ಹೇಳುವುದು ಪಂಡಿತರಿಗೂ ಕಷ್ಟ, ಸುಳ್ಳು ಬಯಲಾಗುವುದು ಹಣ್ಣು ಬಿಟ್ಟ ಮೇಲೆ, ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಈ ಅನ್ಯಾಯವನ್ನು ತಡೆಯಲೆಂದೇ ಮಹಾರಾಷ್ಟ್ರದಲ್ಲಿ 1969ರಿಂದ ಹಣ್ಣಿನ ನರ್ಸರಿಗಳನ್ನೂ ಹಣ್ಣಿನ ಗಿಡಗಳ ಮಾರಾಟವನ್ನೂ ನಿಯಂತ್ರಿಸುವ ಕಾಯಿದೆಯೊಂದುಂಟು. ಪರವಾನಗಿ ಪಡೆದವನು ಬೇರುಸಸಿ ಎಲ್ಲಿಯದು, ಕಸಿಕಡ್ಡಿ ಎಲ್ಲಿಯದು ಎಂಬ ದಾಖಲೆ ಇಡತಕ್ಕದ್ದು. ಕೊಳ್ಳುವವನು ಪರವಾನಗಿಯನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ತಾಯಿಮರವನ್ನು ತೋರಿಸಲು ಸಾಧ್ಯವೇ ಎಂದೂ ಕೇಳಬಹುದು. ತೋರಿಸಬಲ್ಲವನ ಗಿಡಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಸಸ್ಯಕ್ಷೇತ್ರಗಳಲ್ಲಿ ಈ ತೊಡಕಿಲ್ಲ: ರಾಹುರಿಯವರದಾಗಲಿ, ನಮ್ಮ ಧಾರವಾಡದವರದಾಗಲಿ. ಧಾರವಾಡದವರಂತೂ ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್ ಚಿಕ್ಕುಗಳನ್ನು ಕೂಡಿಸಿ ಡಿ.ಎಚ್.ಎಸ್. ತಳಿಗಳನ್ನು ತಂದವರು.

ಹಡಪಸರದ ನೆಲಕ್ಕೆ ಯಾವುದು ಒಪ್ಪುವುದೆಂಬುದನ್ನು ಕೇಳಬೇಕಾದರೆ ಗಾಡಿತಳದಿಂದ ಸಾಸವಡದ ದಾರಿ ಹಿಡಿದು ದಿವೆ ಘಾಟನ್ನು ಏರಿ ನೋಡಬೇಕು. ಅಲ್ಲಿಂದಾಚೆಗೆ ಪುರಂದರ ತಾಲೂಕು. ಮಳೆ ಕಡಿಮೆ, ಗರಸು ನೆಲ, ಆದರೂ ಸೀತಾಫಲಕ್ಕೂ ಅಂಜೂರಕ್ಕೂ ಹೆಸರುವಾಸಿ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು. ಅಂಜೂರಕ್ಕೆ ಕಸಿಯ ಗೊಡವೆಯೂ ಇಲ್ಲ, ಕಡ್ಡಿ ಊರಿದರೆ ಬೇರುಬಿಡುತ್ತದೆ. ಇಲ್ಲಿ ಮಳೆಗಾಲದ ಫಸಲನ್ನು ಖಟ್ಟಾ ಬಹಾರವೆಂದೂ ಬೇಸಗೆಯ ಸಿಹಿ ಫಸಲನ್ನು ಮೀಠಾ ಬಹಾರವೆಂದೂ ಕರೆಯುತ್ತಾರೆ. ಎಲೆಯ ತುಕ್ಕುರೋಗ ಮತ್ತು ಹಕ್ಕಿಗಳು, ಈ ಎರಡು ಶತ್ರುಗಳ ಬಗೆಗೆ ಎಚ್ಚರವಿರಲಿ. ಸೀತಾಫಲ ಇನ್ನೂ ಬಡಜೀವಿ. ನೀರನ್ನು ಮರೆತರೂ ಮುನಿಯದು, ಆಡು ಮುಟ್ಟದು. ಬಾಳಾನಗರ, ಫುಲೆ ಪುರಂದರ, ಬಾರ್ಶಿಯ ಕಡೆಯಿಂದ ಬಂದ ಹೊಂಬಣ್ಣದ ಎನ್.ಎಂ.ಕೆ.-1, ಹೆಸರಘಟ್ಟದ ಅರ್ಕಾ ಸಹನ, ಹೀಗೆ ಆಯ್ಕೆಗೆ ಕೊರತೆಯಿಲ್ಲ. ಒಂಟಿ ಗಿಡ ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ಅದಕ್ಕೆ ಕಾರಣವುಂಟು: ಸೀತಾಫಲದ ಹೂವಿನಲ್ಲಿ ಸ್ತ್ರೀಭಾಗ ಮೊದಲು ಪಕ್ವವಾಗುತ್ತದೆ, ಪರಾಗ ಉದುರುವುದು ಆಮೇಲೆ, ಇವೆರಡನ್ನು ಬೆಸೆಯುವ ಪುಟ್ಟ ದುಂಬಿಗಳು ನಗರದ ಹಿತ್ತಲಿಗೆ ಸದಾ ಬರುವವೆಂಬ ಭರವಸೆಯಿಲ್ಲ. ಪೂರ್ತಿ ಅರಳಿದ ಹೂವಿನ ಪರಾಗವನ್ನು ಮೆದು ಕುಂಚದಿಂದ ತೆಗೆದು, ಬೆಳಗಿನ ತಂಪಿನಲ್ಲಿ ಅರೆಬಿರಿದ ಹೂವಿಗೆ ಸವರಿದರೆ ಫಲ ನಿಲ್ಲುತ್ತದೆ. ನೆಲ್ಲಿಗಾದರೆ ಕುಂಚ ಸಾಲದು, ಬೇರೆ ತಳಿಯ ಇನ್ನೊಂದು ಮರ ಸಮೀಪದಲ್ಲಿ ಬೇಕು. ಒಂದೇ ನೆಲ್ಲಿಗೆ ಜಾಗವುಳ್ಳವರು ಅದರ ಆಸೆಯನ್ನು ಬಿಡುವುದೊಳ್ಳಿತು. ದಾಳಿಂಬೆಯು ನೋಡಲು ಚೆಲುವು, ಆದರೆ ತೇಲ್ಯಾ ಎಂಬ ಅಂಗಮಾರಿ ಈ ಸೀಮೆಯಲ್ಲಿ ಅದನ್ನು ಬಿಟ್ಟಿಲ್ಲ.

ಕೊಳ್ಳುವ ಕಾಲ ಯಾವುದು? ಗುಂಡಿ ಮೊದಲು, ಗಿಡ ಆಮೇಲೆ. ಏಪ್ರಿಲ್ ಮೇ ತಿಂಗಳಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ, ಬಿಸಿಲಿಗೆ ಬಿಟ್ಟು, ಸಿಮೆಂಟಿನ ಚೂರುಗಳನ್ನು ಆರಿಸಿ ಬಿಸುಟು, ಮೇಲ್ಮಣ್ಣಿನೊಡನೆ ಕೊಟ್ಟಿಗೆಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಿಟ್ಟರೆ, ಮಿರಗದ ಮಳೆ ಒಂದೆರಡು ಸಲ ಬಿದ್ದು ಮಣ್ಣು ಕುಳಿತುಕೊಳ್ಳುತ್ತದೆ. ಜ್ಞಾನೇಶ್ವರರ ಮತ್ತು ತುಕಾರಾಮರ ಪಾಲಖಿಗಳು ಪಂಢರಪುರದ ಹಾದಿಯಲ್ಲಿ ಹಡಪಸರಕ್ಕೆ ಬಂದು, ಒಂದು ದಿವೆ ಘಾಟಿನ ಕಡೆಗೂ ಇನ್ನೊಂದು ಲೋಣಿಯ ಕಡೆಗೂ ಕವಲೊಡೆಯುವ ಆ ದಿನಗಳೇ ನಾಟಿಗೆ ಪ್ರಶಸ್ತವಾದವು. ಚೀಲವನ್ನು ಪೂರ್ತಿ ಹರಿದು ತೆಗೆದು, ಮಣ್ಣಿನ ಹೆಂಟೆ ಒಡೆಯದಂತೆ, ಕಸಿಯ ಗಂಟು ನೆಲಮಟ್ಟಕ್ಕಿಂತ ಮೇಲಿರುವಂತೆ ಗಿಡವನ್ನು ಕೂರಿಸಿ, ಗಾಳಿಗೆ ಅಲುಗದಂತೆ ಗೂಟ ಕಟ್ಟಬೇಕು. ಎರೆಮಣ್ಣಿನಲ್ಲಿ ಬುಡದ ಸುತ್ತ ನೀರು ನಿಲ್ಲಲು ಬಿಟ್ಟರೆ ಪಪ್ಪಾಯಿಯಂತೂ ಬದುಕದು. ಅಲ್ಲಿ ಮಣ್ಣನ್ನು ದಿಬ್ಬದಂತೆ ಏರಿಸಿ ನೆಡುವುದು ಉತ್ತಮ.

ಮೊದಲ ವರ್ಷದ ಹೂವನ್ನು ಚಿವುಟಿಬಿಡಿ. ಗಂಟಿನ ಕೆಳಗೆ ಒಡೆದ ಚಿಗುರನ್ನು ಎಷ್ಟೇ ಸೊಂಪಾಗಿದ್ದರೂ ಉಳಿಸಬೇಡಿ. ವಾರಕ್ಕೊಮ್ಮೆ ಬುಡವನ್ನು ಬಾಗಿ ನೋಡಿ ಎಳೆಯದಾಗಿರುವಾಗಲೇ ಬೆರಳಿನಿಂದ ಮುರಿದರೆ ಕತ್ತಿಯ ಕೆಲಸ ಬೀಳದು. ಮಳೆ ಹಿಂದೆಗೆದ ಮೇಲೆ, ದೀಪಾವಳಿಯಿಂದಾಚೆಗೆ, ಬುಡಕ್ಕೆ ಒಣಹುಲ್ಲನ್ನೋ ಕಬ್ಬಿನ ರವದಿಯನ್ನೋ ಹೊದಿಸಿ, ನಾಲ್ಕೈದು ದಿನಗಳಿಗೊಮ್ಮೆ ನಿಧಾನವಾಗಿ ನೀರುಣಿಸುತ್ತಿದ್ದರೆ ಗಿಡ ಮೊದಲ ಬೇಸಗೆಯನ್ನು ದಾಟುತ್ತದೆ.