ಗದ್ದಲದ ಒಳಗೊಂದು ಪ್ರಾರ್ಥನೆ



ನಿಮ್ಮಲ್ಲಿ ಹಲವರು ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಕನ್ನಡ ತರಗತಿಗೆ ಬಂದು, ನಿದ್ದೆಗಣ್ಣಿನಲ್ಲೇ ನನ್ನ ಜೊತೆ ದಾಸರ ಪದಗಳನ್ನು ಹಾಡಿದವರು. ಆಗೆಲ್ಲ ನಾನು ಒಂದೇ ಮಾತನ್ನು ಹೇಳಿ ಹೇಳಿ ನಿಮಗೆ ಬೇಸರ ತರಿಸಿರಬೇಕು: "ರಾಗ ಬಂದರೆ ಸಾಲದು ಮಕ್ಕಳೇ, ಪದದ ಅರ್ಥ ತಿಳಿದು ಹಾಡಬೇಕು." ಹೀಗೆ ಉಪದೇಶ ಮಾಡುವ ನಾನೇ ನನ್ನ ಮನೆಯಲ್ಲಿ ಏನು ಮಾಡಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2012ರ ಗಣೇಶ ಹಬ್ಬ. ಮನೆ ತುಂಬ ನೆಂಟರು. ನಾನು ಅಡುಗೆಮನೆಯಲ್ಲಿ ಕಡುಬಿಗೆ ಕಣಕ ನಾದುತ್ತಿದ್ದೆ. ಆಗ ಇಂಜಿನಿಯರಿಂಗ್ ಓದುತ್ತಿದ್ದ ಮಗನ ಕೋಣೆಯಿಂದ ಗಿಟಾರ್, ಡ್ರಮ್ಮುಗಳ ಭಾರೀ ಸದ್ದು ಹೊರಟಿತು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಕೂಡ ನಡುಗಿತು ಎಂದರೆ ಅತಿಶಯೋಕ್ತಿಯಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತಳ್ಳಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಹಬ್ಬದ ದಿನವೂ ನಿನ್ನ ಈ ದೆವ್ವದ ಸಂಗೀತವೇ? ನಿಲ್ಲಿಸು ಮೊದಲು!" ನೆಂಟರು ನಕ್ಕರು. ಅವನು ತುಟಿಪಿಟಕ್ಕೆನ್ನದೆ ನಿಲ್ಲಿಸಿದ. ಆ ದಿನದಿಂದ ನಮ್ಮ ಮನೆಯಲ್ಲಿ ಅವನ ಸಂಗೀತ ಯಾರಿಗೂ ಕೇಳಿಸಲಿಲ್ಲ. ಕಿವಿಗೆ ಹೆಡ್‌ಫೋನ್ ಬಂತು, ಕೋಣೆಯ ಬಾಗಿಲು ಮುಚ್ಚಿತು. ಮಗ ಶಾಂತನಾದ ಎಂದು ನಾನು ಸಂತೋಷಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಗ ಅವನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾನೆ. ಕಳೆದ ದೀಪಾವಳಿಗೆ ಮನೆ ಒರೆಸಿ ತೊಳೆಯುವಾಗ ಅವನ ಕಪಾಟಿನಲ್ಲಿ ಒಂದು ಸಿಡಿ ಸಿಕ್ಕಿತು. ಹೆಸರು 'ಮಿರರ್ ಆಫ್ ಸೋಲ್ಸ್', ಅಂದರೆ ಆತ್ಮಗಳ ಕನ್ನಡಿ. ಹಾಡಿದವರು 'ಥಿಯಾಕ್ರಸಿ' ಎಂಬ ತಂಡ. ಒಳಗಿನ ಪುಟ್ಟ ಪುಸ್ತಕದಲ್ಲಿ ಹಾಡುಗಳ ಸಾಹಿತ್ಯವಿತ್ತು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಲ್ಲವೇ, ಹಳೆಯ ಚಾಳಿ. ಕನ್ನಡಕ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕುಳಿತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ. ನಾನು ದೆವ್ವದ ಸಂಗೀತ ಎಂದು ಬೈದದ್ದರಲ್ಲಿ ಮೊದಲಿನಿಂದ ಕೊನೆಯವರೆಗೆ ದೇವರ ಮಾತೇ ಇತ್ತು!

ಅಂದು ಶುರುವಾದ ಹುಡುಕಾಟ ಈ ತಂಡದ ಮೊದಲ ಮೂರು ಆಲ್ಬಮ್‌ಗಳನ್ನು ಕ್ರಮವಾಗಿ, ಸಮಾಧಾನದಿಂದ ಕೇಳುವವರೆಗೆ ಬಂತು. ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ನಿಮ್ಮಲ್ಲಿ ಮೆಟಲ್ ಸಂಗೀತ ಬಲ್ಲವರು ನನ್ನ ಅರೆಜ್ಞಾನವನ್ನು ಕ್ಷಮಿಸಿ. ತಿಳಿಯದವರಿಗಾಗಿ ಎರಡು ಮಾತು ಹಿನ್ನೆಲೆ ಹೇಳಿಬಿಡುತ್ತೇನೆ.

ಹೆವಿ ಮೆಟಲ್‌ಗೆ ದೆವ್ವದ ನಂಟು ಅಂಟಿಸಿದವಳು ನಾನೊಬ್ಬಳೇ ಅಲ್ಲ. 1970ರಲ್ಲಿ ಇಂಗ್ಲೆಂಡಿನ 'ಬ್ಲ್ಯಾಕ್ ಸಬ್ಬತ್' ತಂಡ ಒಂದು ಭಯಾನಕ ಚಲನಚಿತ್ರದ ಹೆಸರನ್ನೇ ಇಟ್ಟುಕೊಂಡು ತನ್ನ ಮೊದಲ ಆಲ್ಬಮ್ ಹೊರತಂದಾಗಿನಿಂದ ಈ ಗುಮಾನಿ ಬೆನ್ನು ಬಿಟ್ಟಿಲ್ಲ. ಆದರೆ ಅದೇ ಗಿಟಾರ್, ಅದೇ ಅಬ್ಬರ ಇಟ್ಟುಕೊಂಡು ಕ್ರಿಸ್ತನನ್ನು ಹಾಡುತ್ತೇವೆ ಎಂದು ಹೊರಟವರೂ ಇದ್ದರು. ಅಮೆರಿಕದ 'ಸ್ಟ್ರೈಪರ್' ತಂಡದವರು ಹಳದಿ-ಕಪ್ಪು ಪಟ್ಟೆಯ ಉಡುಪು ತೊಟ್ಟು, ಕಛೇರಿಯ ನಡುವೆ ಜನರತ್ತ ಬೈಬಲ್‌ಗಳನ್ನು ಎಸೆಯುತ್ತಿದ್ದರು. 1986ರಲ್ಲಿ ಬಂದ ಅವರ ಪ್ರಸಿದ್ಧ ಆಲ್ಬಮ್ಮಿನ ಹೆಸರೇ 'ಟು ಹೆಲ್ ವಿತ್ ದಿ ಡೆವಿಲ್'. ಇಂಥವರ ಪಾಡು ಅತ್ತ ದರಿ ಇತ್ತ ಪುಲಿ. ಚರ್ಚಿನ ಕೆಲವರಿಗೆ ಅದು ಸೈತಾನನ ಸದ್ದು, ಮೆಟಲ್ ಪ್ರಿಯರಲ್ಲಿ ಕೆಲವರಿಗೆ ಬರೀ ಉಪದೇಶ.

ಇನ್ನು 'ಪವರ್ ಮೆಟಲ್' ಎಂದರೆ ವೇಗದ ಲಯ, ಎರಡೂ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು, ಏರುದನಿಯ ಸ್ಪಷ್ಟ ಗಾಯನ, ಎಲ್ಲರೂ ಸೇರಿ ಹಾಡುವಂಥ ಪಲ್ಲವಿ. 1987 ಮತ್ತು 1988ರಲ್ಲಿ ಎರಡು ಭಾಗವಾಗಿ ಬಂದ ಜರ್ಮನಿಯ 'ಹೆಲೋವೀನ್' ತಂಡದ 'ಕೀಪರ್ ಆಫ್ ದಿ ಸೆವೆನ್ ಕೀಸ್' ಈ ಬಗೆಗೆ ದಾರಿ ಹಾಕಿತು. 'ಪ್ರೋಗ್ರೆಸಿವ್ ಮೆಟಲ್' ಎಂದರೆ ಉದ್ದದ ರಚನೆಗಳು, ನಡುನಡುವೆ ಬದಲಾಗುವ ತಾಳ. 1992ರ 'ಡ್ರೀಮ್ ಥಿಯೇಟರ್' ತಂಡದ 'ಇಮೇಜಸ್ ಅಂಡ್ ವರ್ಡ್ಸ್' ಇದಕ್ಕೆ ಹೆಸರುವಾಸಿ. ಐದು, ಏಳು ಎಣಿಕೆಯ ತಾಳ ಕೇಳಿ ಗಾಬರಿಯಾಗಬೇಡಿ. ನಿಮ್ಮಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿರುವವರು ಖಂಡಚಾಪು, ಮಿಶ್ರಚಾಪುಗಳನ್ನು ಕೈಯಲ್ಲಿ ಹಾಕಿದವರೇ ತಾನೇ?

ಥಿಯಾಕ್ರಸಿ ತಂಡ ಈ ಎರಡನ್ನೂ ಬೆರೆಸಿತು. ಇದು ಹುಟ್ಟಿದ್ದು 2002ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. 'ಆರ್.ಇ.ಎಂ.' ತಂಡವೂ ಅದೇ ಊರಿನದು. ಹುಟ್ಟಿದಾಗ ಅದನ್ನು ತಂಡ ಎನ್ನುವಂತೆಯೇ ಇರಲಿಲ್ಲ, ಏಕೆಂದರೆ ಇದ್ದವರು ಮ್ಯಾಟ್ ಸ್ಮಿತ್ ಒಬ್ಬರೇ. 2003ರ ಮೊದಲ ಆಲ್ಬಮ್ 'ಥಿಯಾಕ್ರಸಿ'ಯಲ್ಲಿ ಹಾಡು ಕಟ್ಟಿದ್ದು, ಹಾಡಿದ್ದು, ಗಿಟಾರ್ ಮತ್ತು ಬೇಸ್ ನುಡಿಸಿದ್ದು ಎಲ್ಲ ಅವರೇ. ಡ್ರಮ್ ಬಾರಿಸುವವರಿಲ್ಲದೆ ಪ್ರತಿಯೊಂದು ಪೆಟ್ಟನ್ನೂ ಯಂತ್ರದಲ್ಲಿ ಜೋಡಿಸಿದರು. ಹಿಂದೆ ಕೇಳಿಸುವ ದೊಡ್ಡ ಮೇಳದ ದನಿಯೂ ಒಂದೇ ಕಂಠವನ್ನು ಪದರ ಪದರವಾಗಿ ಮುದ್ರಿಸಿ ಪೇರಿಸಿದ್ದು. ಒಬ್ಬಳೇ ನೂರು ಜನರ ಊಟಕ್ಕೆ ಅಡುಗೆ ಮಾಡಿ, ತಾನೇ ಎಲೆ ಹಾಕಿ, ತಾನೇ ಬಡಿಸಿದ ಹಾಗೆ ಎಂದುಕೊಳ್ಳಿ. ಅಂಥ ಊಟದಲ್ಲಿ ಒಂದೆರಡು ಕಡೆ ಉಪ್ಪು ಕಡಿಮೆಯಾಗುವುದು ಸಹಜ. ಯಂತ್ರದ ಡ್ರಮ್ಮಿನಲ್ಲಿ ಮನುಷ್ಯನ ಉಸಿರಿಲ್ಲ ಎಂಬುದು ನನ್ನಂಥ ಹೊಸಬಳ ಕಿವಿಗೂ ತಿಳಿಯುತ್ತದೆ. ಆದರೂ ಈ ಆಲ್ಬಮ್ಮಿನ ಮೇಲೆ ನನಗೊಂದು ವಿಶೇಷ ಅಕ್ಕರೆ. ಯಾರೂ ಜೊತೆಗಿಲ್ಲದಿದ್ದರೂ ಎಲ್ಲರಿಗೂ ಎಲೆ ಹಾಕಿ ಕಾದು ಕುಳಿತವರ ನಂಬಿಕೆ ಅದರಲ್ಲಿದೆ.

ಇದರಲ್ಲಿ 'ಇಕ್ತಸ್' ಎಂಬ ಹಾಡಿದೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮೀನು. ಆ ಪದದ ಐದು ಅಕ್ಷರಗಳು 'ಯೇಸು, ಕ್ರಿಸ್ತ, ದೇವರ, ಮಗ, ರಕ್ಷಕ' ಎಂಬ ಗ್ರೀಕ್ ಪದಗಳ ಮೊದಲಕ್ಷರಗಳು. ಹಾಗಾಗಿಯೇ ಮೊದಲ ಶತಮಾನಗಳ ಕ್ರೈಸ್ತರಿಗೆ ಮೀನಿನ ಚಿತ್ರ ತಮ್ಮ ನಂಬಿಕೆಯ ಗುರುತಾಯಿತು. ಕಾರುಗಳ ಹಿಂಬದಿ ನೀವು ಕಂಡಿರಬಹುದಾದ ಮೀನಿನ ಗೆರೆಚಿತ್ರದ ಹಿಂದೆ ಇಷ್ಟು ಕಥೆಯಿದೆ!

ಐದು ವರ್ಷಗಳ ನಂತರ, 2008ರಲ್ಲಿ 'ಮಿರರ್ ಆಫ್ ಸೋಲ್ಸ್' ಬಂತು. ಹೊರತಂದವರು ಸ್ವೀಡನ್ನಿನ ಉಲ್ಟೀರಿಯಮ್ ರೆಕಾರ್ಡ್ಸ್. ಈ ಹೊತ್ತಿಗೆ ಗಿಟಾರಿಗೆ ಜೊನಾಥನ್ ಹೈಂಡ್ಸ್, ಡ್ರಮ್ಮಿಗೆ ಷಾನ್ ಬೆನ್ಸನ್ ಜೊತೆಯಾಗಿದ್ದರು. ಮೊದಲ ಹಾಡು 'ಎ ಟವರ್ ಆಫ್ ಆಶಸ್' ಶುರುವಾಗುತ್ತಲೇ ವ್ಯತ್ಯಾಸ ಗೊತ್ತಾಗುತ್ತದೆ. ಲಯಕ್ಕೆ ಜೀವ ಬಂದಿದೆ. 'ಆನ್ ಈಗಲ್ಸ್ ವಿಂಗ್ಸ್' ಎಂಬ ಹೆಸರು ಹದ್ದಿನಂತೆ ರೆಕ್ಕೆ ಬಿಚ್ಚಿ ಏರುವವರನ್ನು ಕುರಿತ ಯೆಶಾಯನ ಗ್ರಂಥದ ಮಾತನ್ನು ನೆನಪಿಸುತ್ತದೆ. 'ಬೆತ್ಲೆಹೆಮ್' ಕ್ರಿಸ್ತ ಹುಟ್ಟಿದ ಊರಿನ ಹಾಡು. 'ದಿ ರೈಟಿಂಗ್ ಇನ್ ದಿ ಸ್ಯಾಂಡ್' ಎಂಬ ಹೆಸರನ್ನು ಓದಿದಾಗ ನನಗೆ ಯೋಹಾನನ ಸುವಾರ್ತೆಯ ಪ್ರಸಂಗ ನೆನಪಾಯಿತು. ತಪ್ಪು ಮಾಡಿದ ಹೆಂಗಸನ್ನು ಕಲ್ಲು ಹೊಡೆದು ಕೊಲ್ಲಲು ಎಳೆದು ತಂದಾಗ ಯೇಸು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾನೆ. ಏನು ಬರೆದ ಎಂದು ಸುವಾರ್ತೆ ಹೇಳುವುದೇ ಇಲ್ಲ. ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎಂದಾಗ ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡುತ್ತಾರೆ. ಹಬ್ಬದ ದಿನ ನಾನೆಸೆದ ಕಲ್ಲು ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆಲ್ಬಮ್ಮಿನ ಕೊನೆಗೆ ಅದೇ ಹೆಸರಿನ ಹಾಡು, ಸುಮಾರು 22 ನಿಮಿಷದ್ದು. ಆತ್ಮದ ನಿಜರೂಪ ತೋರಿಸುವ ಕನ್ನಡಿಯ ಮುಂದೆ ಬಂದು ನಿಲ್ಲುವವನ ಕಥೆ. ಅಲ್ಲಿ ಅವನ ಹೆಚ್ಚುಗಾರಿಕೆ ಯಾವುದೂ ನಿಲ್ಲುವುದಿಲ್ಲ. ತನ್ನ ಕೊಳೆ ತನಗೇ ಕಂಡು ಕುಸಿದಾಗ, ತನ್ನ ಯೋಗ್ಯತೆಯಿಂದಲ್ಲ, ದೇವರ ಕರುಣೆಯಿಂದ ಮಾತ್ರ ಬಿಡುಗಡೆ ಎಂಬುದು ಅವನಿಗೆ ಅರಿವಾಗುತ್ತದೆ. ಮಕ್ಕಳೇ, ಈ ದನಿ ನಮಗೆ ಹೊಸದೇನೂ ಅಲ್ಲ. ನಮ್ಮ ದಾಸರು ತಮ್ಮನ್ನು ತಾವೇ ಹಳಿದುಕೊಂಡು ಹರಿಯ ಕರುಣೆಗೆ ಮೊರೆಯಿಟ್ಟರು. ಶರಣರು ಲೋಕದ ಡೊಂಕು ತಿದ್ದುವ ಮುನ್ನ ತಮ್ಮ ಮನಸ್ಸನ್ನೇ ಪರೀಕ್ಷೆಗೆ ಒಡ್ಡಿದರು. ತತ್ವ ಒಂದೇ ಎಂದು ನಾನು ಹೇಳುವುದಿಲ್ಲ. ಅವರವರ ನಂಬಿಕೆ ಅವರವರದು. ಆದರೆ ಕನ್ನಡಿಯ ಮುಂದೆ ನಿಂತವನ ಸಂಕಟವನ್ನು ಗುರುತಿಸಲು ನಮಗೆ ಕಷ್ಟವಿಲ್ಲ.

ಮೂರನೆಯದು 2011ರ 'ಆಸ್ ದಿ ವರ್ಲ್ಡ್ ಬ್ಲೀಡ್ಸ್'. ಗಿಟಾರಿಗೆ ವ್ಯಾಲ್ ಆಲೆನ್ ವುಡ್, ಬೇಸ್‌ಗೆ ಜ್ಯಾರೆಡ್ ಓಲ್ಡ್‌ಹ್ಯಾಮ್ ಸೇರಿ ಈಗ ನಿಜವಾದ ತುಂಬಿದ ಮನೆ. ಒಂಟಿಯಾಗಿ ಶುರುಮಾಡಿದವರು ಈಗ ಮುಖ್ಯವಾಗಿ ಹಾಡುವುದರ ಕಡೆ ಗಮನ ಕೊಡುತ್ತಾರೆ. ಮೊದಲ ಹಾಡು 'ಐ ಆಮ್', ಸುಮಾರು 11 ನಿಮಿಷದ್ದು. ಉರಿಯುವ ಪೊದೆಯ ನಡುವಿನಿಂದ ದೇವರು ಮೋಶೆಗೆ ತನ್ನ ಹೆಸರು ಹೇಳಿದ ಪ್ರಸಂಗದ ಮಾತೇ ಅದರ ಶೀರ್ಷಿಕೆ. 'ಥರ್ಟಿ ಪೀಸಸ್ ಆಫ್ ಸಿಲ್ವರ್' ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ ಯೂದನನ್ನು ನೆನಪಿಗೆ ತರುತ್ತದೆ. 'ಆಲ್ಟರ್ ಟು ದಿ ಅನ್‌ನೋನ್ ಗಾಡ್' ಎಂಬ ಹೆಸರು ಸಂತ ಪೌಲ ಗ್ರೀಸಿನ ಅಥೆನ್ಸ್ ನಗರದಲ್ಲಿ ಕಂಡ, 'ತಿಳಿಯದ ದೇವರಿಗೆ' ಎಂದು ಬರೆದಿದ್ದ ಬಲಿಪೀಠದ್ದು. ಅಮೆರಿಕದ ಅಥೆನ್ಸಿನವರು ಗ್ರೀಸಿನ ಅಥೆನ್ಸಿನ ಈ ಪ್ರಸಂಗವನ್ನು ಆರಿಸಿಕೊಂಡದ್ದು ಕಂಡು ನಾನು ನಕ್ಕೆ. 'ದಿ ಗಿಫ್ಟ್ ಆಫ್ ಮ್ಯೂಸಿಕ್' ಸಂಗೀತವೆಂಬ ವರಕ್ಕೆ ಸಲ್ಲಿಸಿದ ಕೃತಜ್ಞತೆ.

ಈ ಮೂರರ ನಂತರ 2013ರಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಮೊದಲ ಆಲ್ಬಮ್ಮಿನ ಯಂತ್ರದ ಡ್ರಮ್ಮನ್ನು ತೆಗೆದು, ಷಾನ್ ಬೆನ್ಸನ್ ಬಾರಿಸಿದ ನಿಜವಾದ ಡ್ರಮ್ ಸೇರಿಸಿ ಅದನ್ನು ಮತ್ತೆ ಹೊರತಂದರು. ನಂತರ 2016ರಲ್ಲಿ 'ಘೋಸ್ಟ್ ಶಿಪ್', 2023ರಲ್ಲಿ 'ಮೊಸಾಯಿಕ್' ಕೂಡ ಬಂದಿವೆ. ನೀವು ಕೇಳುವುದಾದರೆ ನನ್ನ ಸಲಹೆ ಇಷ್ಟೇ. ಎರಡನೆಯ ಆಲ್ಬಮ್ಮಿನಿಂದ ಶುರುಮಾಡಿ, ಮೂರನೆಯದಕ್ಕೆ ಹೋಗಿ, ಆಮೇಲೆ ಮೊದಲನೆಯದರ 2003ರ ಮತ್ತು 2013ರ ಎರಡೂ ರೂಪಗಳನ್ನು ಹೋಲಿಸಿ ಕೇಳಿ. ಸಾಹಿತ್ಯ ಕೈಯಲ್ಲಿರಲಿ. ಒಬ್ಬಂಟಿಯ ಕೆಲಸ ಹತ್ತು ವರ್ಷದಲ್ಲಿ ಹೇಗೆ ಹಲವರದಾಯಿತು ಎಂಬುದು ಕಿವಿಗೇ ತಿಳಿಯುತ್ತದೆ.

ಸಂಘದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, "ಹುಡುಗ ಹಾಡು ಕೇಳಿ ಮತ ಬದಲಾಯಿಸಿಯಾನು, ನೋಡಿಕೊಳ್ಳಮ್ಮ" ಎಂದರು. ನಾನು ಅವರಿಗೆ ಕಿಟ್ಟೆಲ್ ಅವರನ್ನು ನೆನಪಿಸಿದೆ. ಜರ್ಮನಿಯಿಂದ ಬಂದ ಆ ಪಾದ್ರಿಗಳು 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟರು. ಅದಕ್ಕೂ ಮುಂಚೆ, 1862ರಲ್ಲೇ, 'ಕಥಾಮಾಲೆ'ಯಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ಹಾಡಿನ ಧಾಟಿಯಲ್ಲೇ ಕನ್ನಡಕ್ಕೆ ತಂದಿದ್ದರು. ನಮ್ಮ ಪದಗಳಿಗೆ ಅರ್ಥ ಹುಡುಕುತ್ತ ಅವರು ತಮ್ಮ ಮತ ಬಿಡಲಿಲ್ಲ. ಅವರ ನಿಘಂಟು ಬಳಸಿದ ನಾವೂ ನಮ್ಮದನ್ನು ಬಿಡಲಿಲ್ಲ. ಇನ್ನೊಬ್ಬರ ಪ್ರಾರ್ಥನೆಯನ್ನು ಅರ್ಥ ತಿಳಿದು ಕೇಳಿದರೆ ನಮ್ಮದೇನೂ ಸವೆಯುವುದಿಲ್ಲ.

ಮೂರೂ ಆಲ್ಬಮ್ ಕೇಳಿ ಮುಗಿಸಿದ ರಾತ್ರಿ ಮಗನಿಗೆ ಫೋನ್ ಮಾಡಿದೆ. ಕನ್ನಡಿಯ ಹಾಡಿನ ಬಗ್ಗೆ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: "ಅಮ್ಮಾ, ಆವತ್ತು ಹಬ್ಬದ ದಿನ ನಾನು ಅದನ್ನ ಜೋರಾಗಿ ಯಾಕೆ ಹಾಕಿದ್ದೆ ಗೊತ್ತಾ? ನಿನಗೆ ದೇವರ ಹಾಡು ಇಷ್ಟ ಅಲ್ವಾ, ಕೇಳಿಸ್ಲಿ ಅಂತ."

ಏನು ಉತ್ತರ ಕೊಡಲಿ, ನೀವೇ ಹೇಳಿ. "ತಪ್ಪಾಯ್ತು ಕಣೋ" ಎಂದೆ. ಹದಿಮೂರು ವರ್ಷ ತಡವಾಗಿ.

ಆದ್ದರಿಂದ ಮಕ್ಕಳೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಾಗಿಲು ತಳ್ಳಿ ಕೂಗಿದರೆ, ಹೆಡ್‌ಫೋನ್ ಹಾಕಿಕೊಂಡು ಸುಮ್ಮನಾಗಿಬಿಡಬೇಡಿ. ಸಿಟ್ಟು ಇಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಸ್ವಲ್ಪ ತಗ್ಗಿಸಿ, ಒಂದೊಂದು ಸಾಲಿನ ಅರ್ಥ ಹೇಳಿ. ನಿಮ್ಮ ತರಗತಿಯಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೇ? ಬರುವ ಭಾನುವಾರ ನೀವೂ ನಿಮಗಿಷ್ಟವಾದ ಒಂದೊಂದು ಹಾಡು ತನ್ನಿ, ಯಾವ ಭಾಷೆಯದಾದರೂ ಸರಿ. ದಾಸರ ಪದ ಮುಗಿದ ಮೇಲೆ ಅದರ ಅರ್ಥವನ್ನು ನೀವು ಕನ್ನಡದಲ್ಲಿ ಹೇಳಬೇಕು, ನಾನು ಕೂತು ಕೇಳುತ್ತೇನೆ. ಈ ಸಲ ಹಿಟ್ಟಿನ ಕೈ ತೊಳೆದುಕೊಂಡೇ ಬರುತ್ತೇನೆ.