ನಾಯಿಗೆ ಹಸಿ ಬಾಡು. ಫ್ರೀಜರಿಗೆ ಯಾವ ಮೂಲೆ?

*ತಾರಸಿಯ ತಗಡಿನ ಕೆಳಗಿಟ್ಟರೆ ಕೆಡುತ್ತದೆ, ಅಡುಗೆಮನೆಗೆ ತಂದರೆ ಹಿರಿಯರು ಬಿಡುವುದಿಲ್ಲ*

ಧರ್ಮಪುರಿ: ಮನೆ ಮುಂದೆ ಲಗೇಜ್ ಆಟೋದಿಂದ ಡೀಪ್ ಫ್ರೀಜರ್ ಇಳಿದರೆ ಬೀದಿಯವರು ಕೇಳುವ ಮೊದಲ ಪ್ರಶ್ನೆ, 'ಐಸ್‌ಕ್ರೀಮ್ ಅಂಗಡಿ ಇಡ್ತೀರಾ?' ಎಂದು. 'ಅಲ್ಲ, ನಾಯಿಗೆ' ಅಂದರೆ ನಗುತ್ತಾರೆ. ಒಂದೆರಡು ದೊಡ್ಡ ನಾಯಿ ಸಾಕಿದವರಿಗೆ ಮಾತ್ರ ಇದು ನಗುವ ಮಾತಲ್ಲ.

ಧರ್ಮಪುರಿ, ಕೃಷ್ಣಗಿರಿ ಕಡೆ ರಾಗಿ ಬೆಳೆಯುವ ಸೀಮೆ. ಇಲ್ಲಿನ ನಾಯಿಗಳು ಮುದ್ದೆ, ಮೊಸರನ್ನ ತಿಂದೇ ಹೊಲ, ಹಟ್ಟಿ ಕಾದವು. ಈಗ ಮನೆಗಳಿಗೆ ಜಾತಿ ನಾಯಿಗಳು ಬಂದಿವೆ. ಕನ್ನಡನಾಡಿನ ಮುಧೋಳ (ಮರಾಠಿಯವರು ಇದನ್ನೇ ಕಾರವಾನ್ ಅನ್ನುತ್ತಾರೆ), ತಮಿಳುನಾಡಿನ ರಾಜಪಾಳಯಂ ಎರಡಕ್ಕೂ 2005ರಲ್ಲಿ ಅಂಚೆ ಇಲಾಖೆ ಒಟ್ಟಿಗೇ ಅಂಚೆಚೀಟಿ ತಂದಿತ್ತು. ಗಡಿಯಲ್ಲಿರುವ ನಮಗೆ ಎರಡೂ ನಮ್ಮವೇ! ಇಂಥ ನಾಯಿಗಳಿಗೆ ಹಸಿ ಮಾಂಸ ಕೊಟ್ಟರೆ ಮೈ ಹೊಳೆಯುತ್ತದೆ ಎಂಬ ನಂಬಿಕೆ ಸಾಕುವವರಲ್ಲಿ ಬಲವಾಗಿದೆ. 1997ರವರೆಗೆ ಸೇಲಂ ಜಿಲ್ಲೆಯ ಭಾಗವೇ ಆಗಿದ್ದ ನಾಮಕ್ಕಲ್ ಕೋಳಿ ಸಾಕಣೆಗೆ ಹೆಸರಾದ ಊರು. ಕೋಳಿ ಅಂಗಡಿಯಲ್ಲಿ ಕಾಲು, ಕತ್ತು, ಕಂದನಕಾಯಿ ಕಡಿಮೆ ಬೆಲೆಗೆ ಸಿಗುತ್ತವೆ. ಭಾನುವಾರ ಒಂದೇ ಸಲ ತಂದಿಡೋಣ ಅನ್ನಿಸುವುದು ಸಹಜ. ಇಡುವುದು ಎಲ್ಲಿ? ತೊಂದರೆ ಶುರುವಾಗುವುದೇ ಇಲ್ಲಿಂದ.

ಕಲ್ಲಿನಂತಿದ್ದ ಬಾಡು

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಅಡುಗೆಮನೆಗೆ ಅಂಟಿಕೊಂಡೇ ದೇವರ ಕೋಣೆ. ನಾಯಿ ಬಾಡು ನಡುಮನೆ ದಾಟಿ ಬರಕೂಡದು ಎಂದು ಅಮ್ಮ ಕಡ್ಡಿ ಮುರಿದಂತೆ ಹೇಳಿದರು. ಹಾಗಾಗಿ ನೂರು ಲೀಟರಿನ ಫ್ರೀಜರನ್ನು ತಾರಸಿ ಮೇಲೆ, ತಗಡಿನ ಶೆಡ್ಡಿನಲ್ಲಿ ಇಟ್ಟೆವು. ಅಮ್ಮನಿಗೂ ಸಮಾಧಾನ, ನಮಗೂ ಸಮಾಧಾನ.

ಮೇ ತಿಂಗಳ ಒಂದು ಸಂಜೆ ಗಾಳಿ ಮಳೆ ಬಂದು ಕರೆಂಟು ಹೋಯಿತು. ಬಂದದ್ದು ಮಾರನೇ ದಿನ ಮಧ್ಯಾಹ್ನ. ಅದಾಗಿ ಎರಡು ದಿನಕ್ಕೆ ಮುಚ್ಚಳ ತೆಗೆದು ನೋಡಿದರೆ ಬಾಡು ಕಲ್ಲಿನಂತಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಕರಗಿಸಿ ಹಾಕಿದೆವು. ಮರುದಿನ ನಾಯಿ ವಾಂತಿ ಮಾಡಿತು, ಭೇದಿಯಲ್ಲಿ ರಕ್ತ ಬಂತು. ಮೂರು ದಿನ ಡ್ರಿಪ್ ಹಾಕಿಸಿದ ಮೇಲೆ ಎದ್ದು ನಿಂತಿತು. ಪಶುವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: 'ನಿಮ್ಮ ಮನೇಲಿ ಕರೆಂಟು ಯಾವಾಗ ಹೋಗಿತ್ತು?'

ಮನೆಗೆ ಬಂದು ಫ್ರೀಜರಿನ ತಳ ನೋಡಿದೆವು. ಕೆಳಗಿನ ಪೊಟ್ಟಣಗಳು ಆಕಾರ ಕೆಟ್ಟು ಒಂದಕ್ಕೊಂದು ಅಂಟಿದ್ದವು. ಸುತ್ತ ರಕ್ತದ ನೀರು ಹಪ್ಪಳದಂತೆ ಹೆಪ್ಪುಗಟ್ಟಿತ್ತು. ಅಂದರೆ ಎಲ್ಲವೂ ಒಮ್ಮೆ ಪೂರ್ತಿ ಕರಗಿ, ಬಿಸಿಲಿನ ಶೆಡ್ಡಿನಲ್ಲಿ ಗಂಟೆಗಟ್ಟಲೆ ಕೊಳೆತು, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಗಿತ್ತು.

ಚಳಿಗೆ ರೋಗಾಣು ಸಾಯುವುದಿಲ್ಲ

ಫ್ರೀಜರಿನಲ್ಲಿಟ್ಟರೆ ರೋಗಾಣು ಸಾಯುತ್ತವೆ ಎಂಬುದು ಅನೇಕರ ತಪ್ಪು ತಿಳಿವಳಿಕೆ. ಮೈನಸ್ 18 ಡಿಗ್ರಿ ಸೆಲ್ಷಿಯಸ್‌ನಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ನಿದ್ದೆ ಹೋಗುತ್ತವೆ, ಅಷ್ಟೆ. ಬಾಡು ಕರಗಿ 5 ಡಿಗ್ರಿ ದಾಟಿತೆಂದರೆ ಎದ್ದು ಬೆಳೆಯತೊಡಗುತ್ತವೆ. 32 ಡಿಗ್ರಿಗಿಂತ ಹೆಚ್ಚು ಸೆಕೆಯಲ್ಲಿ ಹಸಿ ಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. 2024ರ ಏಪ್ರಿಲ್‌ನಲ್ಲಿ ಸೇಲಂನಲ್ಲಿ ಪಾರಾ 40 ಡಿಗ್ರಿ ದಾಟಿತ್ತು. ತಗಡಿನ ಕೆಳಗೆ ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ.

ಆದರೆ ಹುಳುವಿನ ಮಾತು ಬೇರೆ. ಕುರಿ, ಮೇಕೆ, ದನದ ಈಲಿ ಮತ್ತು ಶ್ವಾಸಕೋಶದಲ್ಲಿ ನೀರುಗುಳ್ಳೆಯಂಥ ಹೈಡಾಟಿಡ್ ಗಂಟು ಇರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಮಲದ ಮೂಲಕ ಅಂಗಳಕ್ಕೆ, ನಾಯಿಯ ಮೈಗೆ, ಅಲ್ಲಿಂದ ಆಡುವ ಮಕ್ಕಳ ಕೈಗೆ ಬರುತ್ತದೆ. ಮನುಷ್ಯರ ಈಲಿ, ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಗಂಟು ಬೆಳೆದು ಆಪರೇಷನ್‌ವರೆಗೂ ಹೋಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರದಿಂದ ಹತ್ತು ದಿನ ಬಿಡದೆ ಇಟ್ಟರೆ ಈ ಗಂಟು ಸಾಯುತ್ತದೆ. ಚೆನ್ನಾಗಿ ಬೇಯಿಸಿದರೂ ಸಾಯುತ್ತದೆ. ಹಾಗಾಗಿ ಫ್ರೀಜರ್ ಸರಿಯಾಗಿ ನಡೆಯುವುದು ನಾಯಿಯ ಹೊಟ್ಟೆಗೆ ಮಾತ್ರವಲ್ಲ, ಮನೆಯ ಮಗುವಿಗೂ ಸಂಬಂಧಿಸಿದ್ದು. ಜತೆಗೆ ವೈದ್ಯರು ಹೇಳಿದಂತೆ ನಾಯಿಗೆ ಜಂತುಹುಳುವಿನ ಔಷಧ ತಪ್ಪಿಸಬಾರದು.

ಯಾವುದು ಕೊಳ್ಳಬೇಕು?

ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ನೂರಕ್ಕೆ ಎರಡರಿಂದ ಮೂರು ಪಾಲು ಆಹಾರ ಎಂಬುದು ಸಾಮಾನ್ಯ ಲೆಕ್ಕ. 25 ಕಿಲೋ ನಾಯಿಗೆ ಅರ್ಧದಿಂದ ಮುಕ್ಕಾಲು ಕಿಲೋ; ತಿಂಗಳಿಗೆ 15ರಿಂದ 22 ಕಿಲೋ. ಪೊಟ್ಟಣ ಕಟ್ಟಿಟ್ಟರೆ ಒಂದು ಲೀಟರ್ ಜಾಗಕ್ಕೆ ಸುಮಾರು ಅರ್ಧ ಕಿಲೋ ಹಿಡಿಯುತ್ತದೆ. ಒಂದು ನಾಯಿಗೆ ನೂರು ಲೀಟರ್ ಧಾರಾಳ, ಎರಡಕ್ಕೆ 150 ಸಾಕು. ದೊಡ್ಡದು ತಂದು ಅರ್ಧ ಖಾಲಿ ಬಿಟ್ಟರೆ ಕರೆಂಟು ಹೋದಾಗ ಬೇಗ ಕರಗುತ್ತದೆ.

ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ ಮಾದರಿಯೇ ನಮ್ಮ ಕಡೆಗೆ ಒಳ್ಳೆಯದು. ತಣ್ಣನೆ ಗಾಳಿ ಭಾರ. ಮುಚ್ಚಳ ತೆಗೆದರೂ ಒಳಗೇ ಕೂರುತ್ತದೆ. ಗಾಜಿನ ಮುಚ್ಚಳ ಅಂಗಡಿಗೆ ಸರಿ, ಮನೆಗೆ ಗಟ್ಟಿ ಮುಚ್ಚಳವೇ ಬೇಕು. ಹಿಂಬದಿಯ ಚೀಟಿಯಲ್ಲಿ ಹವಾಮಾನ ವರ್ಗ ನೋಡಿ. 'ಎನ್' ಅಂದರೆ 32 ಡಿಗ್ರಿ ಸುತ್ತುಗಾಳಿಯವರೆಗೆ, 'ಎಸ್‌ಟಿ' 38, 'ಟಿ' 43. ಸೇಲಂ ಬಿಸಿಲಿಗೆ 'ಟಿ' ಇದ್ದರೇ ನೆಮ್ಮದಿ. ಅಂಗಡಿಯವರು ಮಾರುವ ಹಳೇ ಫ್ರೀಜರ್ ಕೊಳ್ಳುವವರು ಹತ್ತು ರೂಪಾಯಿ ನೋಟನ್ನು ಮುಚ್ಚಳಕ್ಕೆ ಸಿಕ್ಕಿಸಿ ಎಳೆದು ನೋಡಬೇಕು. ಸಲೀಸಾಗಿ ಬಂದರೆ ರಬ್ಬರು ಸವೆದಿದೆ ಎಂದೇ ಅರ್ಥ.

ಕರೆಂಟಿನ ಖರ್ಚನ್ನೂ ಮರೆಯುವಂತಿಲ್ಲ. ಇಷ್ಟು ಗಾತ್ರದ ಫ್ರೀಜರ್ ದಿನಕ್ಕೆ ಒಂದು ಯೂನಿಟ್ ಆಸುಪಾಸು, ಬೇಸಿಗೆಯಲ್ಲಿ ಇನ್ನೂ ಹೆಚ್ಚು ನುಂಗುತ್ತದೆ. ಎರಡು ತಿಂಗಳ ಬಿಲ್ಲಿಗೆ 60ರಿಂದ 90 ಯೂನಿಟ್. 2016ರಲ್ಲಿ ತಮಿಳುನಾಡು ಸರ್ಕಾರ ಮನೆಗಳಿಗೆ ಎರಡು ತಿಂಗಳಿಗೆ ಮೊದಲ ನೂರು ಯೂನಿಟ್ ಉಚಿತ ಮಾಡಿತಲ್ಲ, ಹೆಚ್ಚುಕಡಿಮೆ ಅಷ್ಟನ್ನು ಫ್ರೀಜರೊಂದೇ ತಿನ್ನುತ್ತದೆ.

ಎಲ್ಲಿಡಬೇಕು?

ಫ್ರೀಜರ್ ಒಳಗಿನ ಶಾಖವನ್ನು ಹೊರಗೆ ಚೆಲ್ಲುವ ಯಂತ್ರ. ಚೆಲ್ಲಲು ಜಾಗ ಬೇಕು. ಗೋಡೆಯಿಂದ ನಾಲ್ಕರಿಂದ ಆರು ಅಂಗುಲ ಬಿಡಬೇಕು. ಒಲೆ ಪಕ್ಕ, ಪಡುವಣ ಬಿಸಿಲು ಬಡಿಯುವ ಗೋಡೆ, ತಗಡು ಅಥವಾ ಶೀಟಿನ ಕೆಳಗೆ ಬೇಡವೇ ಬೇಡ. ಗಾಳಿಯಾಡದ ಮೆಟ್ಟಿಲ ಕೆಳಗಿನ ಗೂಡೂ ಬೇಡ. ಬಚ್ಚಲ ತೇವ ತಗುಲಿದರೆ ತಗಡು ತುಕ್ಕು ಹಿಡಿದು ಶಾಕ್ ಹೊಡೆಯುವ ಭಯ.

ಕೆಳ ಅಂತಸ್ತಿನಲ್ಲಿ ಉತ್ತರ ಅಥವಾ ಮೂಡಣ ಕಡೆಯ, ಕಿಟಕಿ ಇರುವ ಉಗ್ರಾಣ ಅಥವಾ ಹಿತ್ತಲ ಪಡಸಾಲೆ ಉತ್ತಮ. ಇಲಿ ವೈರು ಕಡಿಯದಂತೆ, ಮಳೆನೀರು ತಾಗದಂತೆ ಸ್ಟ್ಯಾಂಡಿನ ಮೇಲೆ ಸಮತಟ್ಟಾಗಿ ಇಡಿ. ಅರ್ತಿಂಗ್ ಇರುವ ಪ್ರತ್ಯೇಕ ಪ್ಲಗ್ಗು ಬೇಕು. ಸೇಲಂನ ನೇಕಾರರ ಮನೆಗಳಲ್ಲಿ ಮಗ್ಗದ ಮೋಟಾರು ಓಡುವ ಲೈನಿಗೆ ಇದನ್ನು ಜೋಡಿಸಬಾರದು; ವೋಲ್ಟೇಜ್ ಏರಿಳಿತ ಇರುವಲ್ಲಿ ಸ್ಟೆಬಿಲೈಜರ್ ಹಾಕಿ. ತಂದ ಕೂಡಲೇ ಸ್ವಿಚ್ ಹಾಕದೆ ಕೆಲವು ಗಂಟೆ ನೆಟ್ಟಗೆ ನಿಲ್ಲಲು ಬಿಡಿ.

ಮತ್ತೊಂದು ಮುಖ್ಯ ವಿಷಯ. ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ತಾರಸಿ ಮೇಲಿದ್ದ ನಮ್ಮ ಫ್ರೀಜರಿನ ದೀಪ ಆರಿದ್ದು ಯಾರಿಗೂ ಕಾಣಲಿಲ್ಲ.

ಕರೆಂಟು ಹೋದಾಗ

2012ರಲ್ಲಿ ಚೆನ್ನೈ ಹೊರಗಿನ ಜಿಲ್ಲೆಗಳಲ್ಲಿ ದಿನಕ್ಕೆ ಹತ್ತು ಗಂಟೆ ಮೀರಿ ಕರೆಂಟು ಇಲ್ಲದ್ದನ್ನು ಯಾರೂ ಮರೆತಿಲ್ಲ. ಆ ಕಾಲ ಹೋಯಿತು. ಆದರೂ ಸಬ್‌ಸ್ಟೇಷನ್ ನಿರ್ವಹಣೆಗೆಂದು ಹಗಲಿಡೀ ಕರೆಂಟು ತೆಗೆಯುವ ದಿನಗಳಿವೆ. ಪತ್ರಿಕೆಯಲ್ಲಿ ಇ.ಬಿ. ಪ್ರಕಟಣೆ ನೋಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮುಚ್ಚಳ ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ನಮ್ಮ ಸೆಕೆಗೆ ಇದರಲ್ಲಿ ಸಾಕಷ್ಟು ಕಳೆದುಕೊಳ್ಳಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿ, ಮುಕ್ಕಾಲು ತುಂಬಿಸಿ, ಇಟ್ಟರೆ ಅದೇ ಐಸಾಗಿ ಕಾಪಾಡುತ್ತದೆ.

ಒಂದು ಸುಲಭ ಉಪಾಯವಿದೆ. ಲೋಟದ ನೀರು ಐಸಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾಣ್ಯ ಮೇಲೇ ಇದ್ದರೆ ಚಿಂತೆ ಇಲ್ಲ. ತಳಕ್ಕೆ ಇಳಿದಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಬಾಡನ್ನು ಗುಂಡಿ ತೋಡಿ ಹೂಳಿ. ಮಾಂಸದಲ್ಲಿ ಇನ್ನೂ ಐಸಿನ ಹರಳು ಕಾಣುತ್ತಿದ್ದರೆ ಮಾತ್ರ ಮತ್ತೆ ಇಡಬಹುದು.

ಒಂದೇ ದಿನ ಇಪ್ಪತ್ತು ಕಿಲೋ ತುರುಕಬೇಡಿ. ನೂರು ಲೀಟರಿನದು ದಿನಕ್ಕೆ ನಾಲ್ಕು ಕಿಲೋ ಹೊಸ ಬಾಡನ್ನಷ್ಟೇ ಸರಿಯಾಗಿ ಗಟ್ಟಿ ಮಾಡೀತು. ಒಂದೊಂದು ಹೊತ್ತಿನ ಪೊಟ್ಟಣ ಮಾಡಿ ತಾರೀಕು ಬರೆಯಿರಿ. ಕರಗಿಸುವುದು ಫ್ರಿಡ್ಜಿನ ಕೆಳ ಅಂಕಣದಲ್ಲಿ, ಮುಚ್ಚಿದ ಡಬ್ಬಿಯಲ್ಲಿ. ಬಟ್ಟಲು, ಚಾಕು ಬೇರೆಯೇ ಇರಲಿ, ಕೈ ಸೋಪಿನಲ್ಲಿ ತೊಳೆಯಿರಿ. ಗೋಡೆಗೆ ಕಟ್ಟಿದ ಐಸನ್ನು ಚಾಕುವಿನಿಂದ ಕೆತ್ತಿದರೆ ಗ್ಯಾಸಿನ ಕೊಳವೆ ತೂತಾಗುತ್ತದೆ.

ಹಸಿ ಬಾಡೇ ಬೇಕೆಂದೇನೂ ಇಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಎಂದು ನಿಲುವು ತಳೆದಿದೆ. ಮನೆಯಲ್ಲಿ ಕೂಸು, ಬಸುರಿ, ಕಾಯಿಲೆಯ ಹಿರಿಯರಿದ್ದರೆ ಬೇಯಿಸಿ ಹಾಕುವುದೇ ಕ್ಷೇಮ. ಬೇಯಿಸಿದ ಮೂಳೆ ಮಾತ್ರ ಸೀಳಿ ಚುಚ್ಚುವುದರಿಂದ ತೆಗೆದು ಹಾಕಬೇಕು. ಬೇಯಿಸುವವರಿಗೂ ತಿಂಗಳ ಬಾಡು ಇಡಲು ಫ್ರೀಜರ್ ಬೇಕಾದೀತು, ಜಾಗದ ನಿಯಮ ಅದೇ.

ನಾವು ಫ್ರೀಜರನ್ನು ತಾರಸಿಯಿಂದ ಇಳಿಸಿ ಹಿತ್ತಲ ಬಾಗಿಲ ಪಕ್ಕದ ಕಿಟಕಿ ಕೆಳಗೆ ಇಟ್ಟೆವು. ದೇವರ ಕೋಣೆಗೆ ಕಾಣದಂತೆ ಒಂದು ಪರದೆ. ಮೊದಲ ತಿಂಗಳು ಅಮ್ಮ ಆ ಕಡೆ ಕಾಲಿಡಲಿಲ್ಲ. ಈಗ ಕರೆಂಟು ಹೋದರೆ ಎಲ್ಲರಿಗಿಂತ ಮೊದಲು ಕೂಗುವುದು ಅವರೇ: 'ಯಾರೂ ಮುಚ್ಚಳ ತೆಗೀಬೇಡ್ರೋ!'