ಮುಕ್ತ ತಂತ್ರಾಂಶ ಮತ್ತು ಬಹಿರಂಗ ಚರ್ಚೆ

ವೈದ್ಯರ ಔಷಧಿಚೀಟಿಯಿಂದ ರೋಗಿಗೆ ಯಾವ ಮದ್ದು ಕೊಡಲಾಯಿತೆಂಬುದು ತಿಳಿಯುತ್ತದೆ. ಅದನ್ನೇ ಏಕೆ ಕೊಡಲಾಯಿತೆಂಬುದನ್ನು ತಿಳಿಯಲು ಕೇಸ್ ಷೀಟನ್ನು ನೋಡಬೇಕು. ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ. ‘ಸೋರ್ಸ್ ಕೋಡ್’ ಎಂಬ ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಲು ಅವಕಾಶವಿದ್ದರೆ ಅದು ಮುಕ್ತ ತಂತ್ರಾಂಶ. ಆದರೆ ಮೂಲ ಬರಹವು ಔಷಧಿಚೀಟಿ ಮಾತ್ರ; ಅದನ್ನು ರೂಪಿಸಿದ ಚರ್ಚೆಯೇ ಕೇಸ್ ಷೀಟು.

ರಾಜಧಾನಿಯ ಕನ್ನಡಿಗರಿಗೆ ಇದರ ನಿದರ್ಶನ ದೂರದ್ದಲ್ಲ. ಕೋವಿಡ್ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಗುರುತಿಸಲು ಕೇಂದ್ರ ಸರ್ಕಾರವು 2020ರ ಏಪ್ರಿಲ್ 2ರಂದು ‘ಆರೋಗ್ಯ ಸೇತು’ವನ್ನು ಬಿಡುಗಡೆ ಮಾಡಿತು. ಬ್ಲೂಟೂತ್ ಸಂಕೇತಗಳ ಜೊತೆಗೆ ಫೋನು ಇರುವ ಸ್ಥಳವನ್ನೂ ಅದು ದಾಖಲಿಸುತ್ತಿತ್ತು. ಮೇ ತಿಂಗಳ ಆರಂಭದಲ್ಲಿ ಕಚೇರಿ ನೌಕರರಿಗೆ ಅದನ್ನು ಕಡ್ಡಾಯಗೊಳಿಸಲಾಯಿತು. ನೋಯ್ಡಾದಲ್ಲಿ ಅದಿಲ್ಲದ ಫೋನು ಹಿಡಿದು ಹೊರಬರುವುದು ದಂಡಾರ್ಹವೆಂದು ಪೊಲೀಸರು ಆಜ್ಞೆ ಹೊರಡಿಸಿದರು. ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಮೂಲ ಬರಹ ಪ್ರಕಟವಾದದ್ದು ಸ್ವಾಗತಾರ್ಹವೇ. ಆದರೆ ಸ್ಥಳದ ವಿವರ ಏಕೆ ಬೇಕು, ಅದನ್ನು ನಿರ್ಧರಿಸಿದವರು ಯಾರು ಎಂಬ ವಿಚಾರಗಳು ತಯಾರಿಕೆಯ ಹಂತದಲ್ಲಿ ಜನರ ಮುಂದೆ ಬಂದಿರಲಿಲ್ಲ. ಅಕ್ಟೋಬರಿನಲ್ಲಿ ಇದನ್ನು ನಿರ್ಮಿಸಿದವರಾರೆಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯದೆ, ಕೇಂದ್ರ ಮಾಹಿತಿ ಆಯೋಗವು ಸಂಬಂಧಿಸಿದ ಅಧಿಕಾರಿಗಳಿಗೆ ನೋಟೀಸು ನೀಡಬೇಕಾಯಿತು. ಆ ಬಳಿಕವೇ ಸರ್ಕಾರವು ವಿವರಣೆಯನ್ನಿತ್ತಿತು.

ಜರ್ಮನಿಯಲ್ಲಿ ನಡೆದದ್ದು ಬೇರೆ ರೀತಿ. ಮಾಹಿತಿಯನ್ನೆಲ್ಲ ಒಂದೇ ಕೇಂದ್ರದಲ್ಲಿ ಕೂಡಿಡುವ ಯೋಜನೆಯನ್ನು ತಜ್ಞರು ಬಹಿರಂಗವಾಗಿ ವಿರೋಧಿಸಿದರು. 2020ರ ಏಪ್ರಿಲ್ ಕೊನೆಯಲ್ಲಿ ಸರ್ಕಾರವು ಅದನ್ನು ಕೈಬಿಟ್ಟು, ಸಂಪರ್ಕದ ದಾಖಲೆ ಆಯಾ ಫೋನಿನಲ್ಲಿಯೇ ಉಳಿಯುವ ಕ್ರಮವನ್ನು ಒಪ್ಪಿತು. ಜೂನ್ 16ರ ಬಿಡುಗಡೆಗೆ ಮುನ್ನವೇ ಮೂಲ ಬರಹ ಬೆಳಕಿಗೆ ಬಂದು, ಹೊರಗಿನವರೂ ದೋಷಗಳನ್ನು ಎತ್ತಿ ತೋರಿಸಿದರು.

ಬಹಿರಂಗ ಚರ್ಚೆಯಿಂದ ಮೂರು ಪ್ರಯೋಜನಗಳುಂಟು. ತಪ್ಪು ಬೇರೂರುವ ಮೊದಲೇ ಕಣ್ಣಿಗೆ ಬೀಳುತ್ತದೆ. ತಡವಾಗಿ ಬಂದ ಕೆಲಸಗಾರನೂ ಹಿಂದಿನ ನಿರ್ಣಯಗಳ ಕಾರಣವನ್ನರಿತು ಮುಂದುವರಿಯಬಲ್ಲನು. ಸೋತ ಪಕ್ಷಕ್ಕೂ ತನ್ನ ವಾದವನ್ನು ಆಲಿಸಲಾಯಿತೆಂಬ ಸಮಾಧಾನವಿರುತ್ತದೆ.

ಎಲ್ಲವನ್ನೂ ಬಯಲಿಗಿಡಬೇಕೆಂದು ಇದರ ಅರ್ಥವಲ್ಲ. ರೋಗಿಗಳ ವಿವರಗಳು ಎಂದಿಗೂ ಗುಪ್ತವಾಗಿರತಕ್ಕವು. ಕಳ್ಳರಿಗೆ ದಾರಿಯಾಗಬಲ್ಲ ದೋಷವನ್ನು ಸರಿಪಡಿಸುವವರೆಗೆ ಗೋಪ್ಯವಾಗಿಟ್ಟು, ಅನಂತರ ಪ್ರಕಟಿಸುವುದು ವಾಡಿಕೆ. ಉಳಿದಂತೆ, ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವೇ ಸರ್ಕಾರಿ ಕಚೇರಿಗಳಿಗೆ ವಿಧಿಸಿದೆ. ಜನರ ಆರೋಗ್ಯವನ್ನು ಕಾಯುವ ತಂತ್ರಾಂಶವು ಈ ನಿಯಮಕ್ಕೆ ಹೊರತಾಗಬಾರದು.